ಕೀಬೋರ್ಡಿನ ಅಡಿಯ ಅಂಟು

ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದೆ ಮೌನೇಶನ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಅಪ್ಪ ಕಾಳಪ್ಪ ಚಿನ್ನದ ಕೆಲಸದವರು. ಅವರ ಚಿಮುಟ, ಭೂತಗನ್ನಡಿಗಳನ್ನೇ ಇಟ್ಟುಕೊಂಡು ಮಗ ಬೇರೆ ಕಸುಬಿಗೆ ಇಳಿದಿದ್ದ. ಹನ್ನೊಂದು ವರ್ಷದಲ್ಲಿ ಅವನು ಕಾಣದ ಕೊಳಕಿಲ್ಲ. ಜಿರಲೆ ಮೊಟ್ಟೆ, ಇಲಿ ಹಿಕ್ಕೆ, ಒಂದು ಸಲ ಮಗುವಿನ ವಾಂತಿ. ಯಾವುದಕ್ಕೂ ಮುಖ ಸಿಂಡರಿಸದೆ ಕೈ ಹಾಕುತ್ತಿದ್ದ.

ಸೋಮವಾರ ಬೆಳಿಗ್ಗೆ ಅವನು ಬರುವಷ್ಟರಲ್ಲಿ ಸಹನ ಮಡಿಲಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಕ್ಯಾತನಹಳ್ಳಿಯವಳು. ಶಿವಶಂಕರ್ ಮೇಷ್ಟ್ರ ಕಂಪ್ಯೂಟರ್ ಸೆಂಟರಿನಲ್ಲಿ ಎರಡು ವರ್ಷದಿಂದ ಮಕ್ಕಳಿಗೆ ಟೈಪಿಂಗ್ ಹೇಳಿಕೊಡುತ್ತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

"ಅಣ್ಣ, ಇದನ್ನ ಎಂಗಾದ್ರೂ ಆನ್ ಮಾಡ್ಕೊಡಣ್ಣ. ನಾನು ಕಾಫಿ ಚೆಲ್ಲಿಲ್ಲ ಅಂದ್ರೂ ಮೇಷ್ಟ್ರು ನಂಬ್ನಿಲ್ಲ. 'ಮೌನೇಶನೇ ಏಳವ್ನೆ ಕಾಫಿ ಅಂತ' ಅಂದ್ಬುಟ್ಟು ಮಕ್ಳ ಮುಂದೆ ನನ್ ಕೈಲಿ ತಪ್ಪಾಯ್ತು ಅನ್ಸುದ್ರು."

ಶನಿವಾರ ಮೇಷ್ಟ್ರು ಮೌನೇಶನಿಗೆ ಫೋನ್ ಮಾಡಿದ್ದು ನಿಜ. ಸೆಂಟರಿನ ಲ್ಯಾಪ್‌ಟಾಪಿನ ಕೀ ಅಂಟುತ್ತವೆ, ಆನ್ ಮಾಡಿದರೆ ಬೀಪ್ ಅನ್ನುತ್ತದೆ, ಕಾಫಿ ಬಿದ್ದರೆ ಹೀಗಾಗುತ್ತದೆಯೇ ಎಂದು ಕೇಳಿದ್ದರು. ಕೈಯಲ್ಲಿದ್ದ ಕೆಲಸ ಬಿಡಲಾರದೆ, "ಕಾಫಿನೇ ಇರ್ಬೇಕು ಬುಡಿ ಸಾ" ಅಂದಿದ್ದ. ವಸ್ತುವನ್ನು ಕಣ್ಣಲ್ಲಿ ಕೂಡ ನೋಡಿರಲಿಲ್ಲ.

ಬಟನ್ ಒತ್ತಿದ. ಬೀಪ್ ಬೀಪ್ ಎಂದು ಎಡೆಬಿಡದೆ ಕೂಗಿತು. ಮಾಮೂಲಿ ಪರದೆ ಬರುವ ಬದಲು ನೀಲಿ ಬಣ್ಣದ ಸೆಟ್ಟಿಂಗ್ಸ್ ತೆರೆದುಕೊಂಡಿತು. ಆರಿಸಿ ಮತ್ತೆ ಹಾಕಿದರೂ ಅದೇ. ಬ್ಯಾಟರಿ ಬಿಚ್ಚಿ ಹಾಕಿದ, ಅದೇ. ಕೊನೆಗೆ ಕೀಬೋರ್ಡಿನ ತಂತಿಪಟ್ಟಿಯನ್ನೇ ಕಳಚಿ, ಅಂಗಡಿಯ ಬೇರೆ ಕೀಬೋರ್ಡ್ ಸಿಕ್ಕಿಸಿದ. ಲ್ಯಾಪ್‌ಟಾಪು ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು.

"ಯಾವ್ದೋ ಕೀ ಅಂಟ್ಕೊಂಡು ಕೆಳಗೇ ಕೂತದೆ ಕಣವ್ವ. ಆನ್ ಆಗ್ತಿದ್ದಂಗೆ ಯಾರೋ ಒತ್ತಾವ್ರೆ ಅನ್ಕೊಂಡು ಸೆಟ್ಟಿಂಗ್ಸ್‌ಗೆ ಓಯ್ತದೆ, ಅಷ್ಟೇಯ."

ಚಿಮುಟದಿಂದ ಮೇಲಿನ ಸಾಲಿನ ಕೀಗಳನ್ನು ಎಬ್ಬಿಸಿದ. ಅಡಿಯಲ್ಲಿ ಗಟ್ಟಿ ಕೆಂಪು ಅಂಟು. ಅದರೊಳಗೆ ನೆನೆದು ಕಪ್ಪಾದ ಅಡಿಕೆ ಚೂರುಗಳು, ಒಂದು ನರೆಗೂದಲು. ಇನ್ನೊಂದು ಕೀ ಎತ್ತಿದಾಗ ಅಂಟು ನೂಲಿನಂತೆ ಜೊತೆಗೇ ಎದ್ದು ಬಂತು. ಗುಟ್ಕಾದ ಹಳಸಲು ಪರಿಮಳ, ಅದರ ಹಿಂದೆ ಹುಳಿತ ಎಂಜಲಿನ ನಾತ. ಕಾಫಿ ಚೆಲ್ಲಿದ್ದರೆ ಒಂದು ಕಡೆಗೆ ಹರಿದಿರುತ್ತಿತ್ತು. ಇದು ತಿಂಗಳುಗಟ್ಟಲೆ ಬಾಯಿಂದ ಹನಿಹನಿಯಾಗಿ ಸಿಡಿದು ಕೂತದ್ದು. ಮೌನೇಶ ಎದ್ದು ಚರಂಡಿಗೆ ಓಡಿದ. ಕುಡಿದ ಟೀಯೆಲ್ಲ ಆಚೆಗೆ ಬಂತು.

ವಾಪಸು ಬಂದಾಗ ಸಹನ ಭೂತಗನ್ನಡಿಯಲ್ಲಿ ನೋಡುತ್ತಿದ್ದಳು.

"ಸಂಜೆ ನಾನೋದ್ಮೇಲೆ ಮೇಷ್ಟ್ರೇ ಕೂತ್ಕತಾರೆ," ಅಂದಳು. "ದಿನಾ ಬೆಳಿಗ್ಗೆ ನಾನು ಇದ್ರ ಮ್ಯಾಲೆ ಕೈಯಿಟ್ಟು, ಅದೇ ಕೈಲಿ ಉಂಡಿವ್ನಲ್ಲಣ್ಣ."

ಹಿಂದಿನ ನಲ್ಲಿಗೆ ಹೋಗಿ ಸೋಪು ಹಚ್ಚಿ ಕೈ ಉಜ್ಜತೊಡಗಿದಳು. ಉಜ್ಜುತ್ತಲೇ ಇದ್ದಳು.

ಅಷ್ಟರಲ್ಲಿ ಶಿವಶಂಕರ್ ಬಂದರು. ಒಂದು ಕೆನ್ನೆ ಉಬ್ಬಿತ್ತು. ಟೇಬಲ್ಲಿನ ಮೇಲೆ ಬಾಗಿ ತಗ್ಗಿದ ದನಿಯಲ್ಲಿ ಹೇಳಿದರು:

"ಏನ್ಲಾ ಮೌನೇಶ, ಕಾಫಿ ಬಿದ್ದು ಆಳಾಗೋಗದೆ ಅಂತ ಒಂದು ಚೀಟಿಲಿ ಬರ್ಕೊಡು. ಅವ್ಳ್ನ ಕೆಲ್ಸ ಬುಡುಸಿ ನಮ್ ಬಾಮೈದುನ್ನ ಕೂರುಸ್ಬೇಕು."

ಮಾತಿನ ಜೊತೆ ಒಂದು ಕೆಂಪು ಹನಿ ಮೌನೇಶನ ಮುಂಗೈ ಮೇಲೆ ಬಿತ್ತು. ಅವನು ಅದನ್ನು ಬಟ್ಟೆಗೆ ಒರೆಸಿ, ಕೀಬೋರ್ಡನ್ನು ಅವರ ಮುಂದಕ್ಕೆ ತಳ್ಳಿದ.

"ಕಾಫಿ ಅಲ್ಲ ಸಾ. ನಿಮ್ ಬಾಯಿಂದ ಬಿದ್ದಿರೋದು."

ಶಿವಶಂಕರ್ ಬಗ್ಗಿ ನೋಡಿದರು. ನಾಚಿಕೆಪಡಲಿಲ್ಲ, ನಕ್ಕರು. ಹಲ್ಲಿನ ಸಂದಿಯಲ್ಲೂ ಅದೇ ಕೆಂಪು. "ಇದ್ನೆಲ್ಲಾ ಯಾವನ್ಲಾ ಬಿಚ್ಚಿ ನೋಡ್ತಾನೆ? ನೀನು ಬರಿಯಯ್ಯ."

ಅಂಟಿಗಿಂತ ಆ ನಗುವೇ ಮೌನೇಶನಿಗೆ ಹೆಚ್ಚು ಹೇಸಿಗೆ ತರಿಸಿತು.

"ಬರಿಯಾಕಿಲ್ಲ."

ಎಲ್ಲ ಕೇಳಿಸಿಕೊಂಡಿದ್ದ ಸಹನ ನೀರು ಸೋರುವ ಕೈಯಲ್ಲೇ ಮುಂದೆ ಬಂದಳು. "ಬುಡುಸೋದೇನೂ ಬ್ಯಾಡಿ ಮೇಷ್ಟ್ರೆ. ನಾನೇ ಬುಟ್ಟೆ."

ಮೇಷ್ಟ್ರು ಲ್ಯಾಪ್‌ಟಾಪನ್ನು ಬಾಚಿಕೊಂಡು ಹೊರಟುಹೋದರು.

ಮೌನೇಶ ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಕೈಯ ನಾತ ಹೋಗಿತ್ತು, ತಾನು ಫೋನಿನಲ್ಲಿ ಆಡಿದ ಮಾತಿನದು ಹೋಗಿರಲಿಲ್ಲ. ಮರುದಿನ ಅಂಗಡಿಗೆ ಬೀಗ ಹಾಕಿ ನೇರ ಸೆಂಟರಿಗೆ ನಡೆದ. ಕ್ಲಾಸು ನಡೆಯುತ್ತಿತ್ತು. ಶಿವಶಂಕರ್ ಬಾಯಿ ತುಂಬಿಕೊಂಡು ನಿಂತಿದ್ದರು.

"ಲ್ಯಾಪ್‌ಟಾಪ್ ಕೆಟ್ಟಿದ್ದು ಕಾಫಿಯಿಂದಲ್ಲ," ಎಂದ ಮೌನೇಶ ಮಕ್ಕಳಿಗೆ. "ಗುಟ್ಕಾ ಉಗುಳಿಂದ. ನೋಡ್ದೆ ಮಾಡ್ದೆ ಕಾಫಿ ಅಂದೋನು ನಾನು. ಸಹನ ಮೇಡಂದು ಏನೂ ತಪ್ಪಿಲ್ಲ. ತಪ್ಪಾಯ್ತು ಅನ್ಬೇಕಾದೋನು ನಾನು."

ಶಿವಶಂಕರ್ ಏನೋ ಹೇಳಲು ಹೋದರು. ಬಾಯಿ ತೆರೆಯಲಾಗಲಿಲ್ಲ. ಉಗಿಯಲು ಆಚೆ ಧಾವಿಸಿದರು. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ತಮ್ಮ ಮುಂದಿನ ಕೀಬೋರ್ಡುಗಳಿಂದ ಕೈಗಳನ್ನು ಮೆಲ್ಲಗೆ ಮೇಲಕ್ಕೆತ್ತಿದರು.