ಬಿಟ್ಟು ಬರಲಾಗದಷ್ಟು ಎಣ್ಣೆ

ಎಣ್ಣೆ ಹುಡುಕಲು ಕೊರೆಯುತ್ತಿದ್ದ ಬಾವಿ ಆ ವಾರ ಆಳಕ್ಕಿಳಿಯಲೇ ಇಲ್ಲ. ಕೆಳಗೆ ಗಟ್ಟಿ ಕಲ್ಲು ಸಿಕ್ಕಿತ್ತು. ತುದಿಯಲ್ಲಿ ಕಲ್ಲು ಕೊರೆಯುವ, ಸವೆದ ಬಿಟ್ ಬದಲಿಸಲೆಂದು ಕೊಳವೆಗಳನ್ನೆಲ್ಲ ಒಂದೊಂದಾಗಿ ಮೇಲೆಳೆದು, ಮತ್ತೆ ಒಂದೊಂದಾಗಿ ಇಳಿಸುವಷ್ಟರಲ್ಲಿ ರಿಗ್ಗಿನವರೆಲ್ಲ ಹಣ್ಣುಗಾಯಿ ನೀರುಗಾಯಿ ಆಗಿದ್ದರು.

ಬಾವಿಯಿಂದ ಬರುವ ಕಲ್ಲಿನ ಚೂರುಗಳನ್ನು ಪರೀಕ್ಷಿಸುವುದು ಕಲ್ಲಮ್ಮನ ಕೆಲಸ. ಅದು ಅವಳ ಹೆಸರಲ್ಲ. ಇಡೀ ದಿನ ಕಲ್ಲು ನೋಡುತ್ತಾಳೆಂದು ರಿಗ್ಗಿನವರು ಇಟ್ಟದ್ದು. ಐವತ್ತು ದಾಟಿದ ಭೂವಿಜ್ಞಾನಿ. ತಗಡಿನ ಕೋಣೆಯ ಒಂದು ಮೂಲೆಯಲ್ಲಿ ಅವಳ ಮಂಚ, ಇನ್ನೊಂದರಲ್ಲಿ ಸಿಂಕು, ಸೂಕ್ಷ್ಮದರ್ಶಕ. ತಲೆದಿಂಬಿಗೆ, ಕೊನೆಗೆ ಚಹಾಕ್ಕೂ ಡೀಸೆಲ್ ವಾಸನೆ. ಊರಿನಲ್ಲಿದ್ದ ಗಂಡ ಕಟ್ಟುಹಲ್ಲು ತಯಾರಿಸುತ್ತಿದ್ದ. "ಈ ಬಾವಿನೂ ಬರಿದಾದ್ರೆ ಕಂಪನಿ ಗಂಟುಮೂಟೆ ಕಟ್ಟುತ್ತೆ, ನಾನು ಮನೆಗೆ ಬಂದ್ಬಿಡ್ತೀನಿ" ಎಂದು ಅವಳು ಹೇಳಿದ್ದೇ ತಡ, ಅವನು ಮಲಗುವ ಕೋಣೆಗೆ ಬಣ್ಣ ಹೊಡೆಸಿ, ಬೀರುವಿನಲ್ಲಿ ಅರ್ಧ ಜಾಗ ಖಾಲಿ ಮಾಡಿದ್ದ.

ಹಿಂದಿನ ಬಾವಿಗಳಲ್ಲಿ ಏನೂ ಸಿಕ್ಕಿರಲಿಲ್ಲ. ಇದರ ಹಣೆಬರಹವೂ ಅಷ್ಟೇ ಎಂದು ಎಲ್ಲರೂ ನಂಬಿದ್ದರು. ನಿಜ ಹೇಳಬೇಕೆಂದರೆ, ದಣಿದು ಮನೆ ಸೇರುವ ಹಂಬಲದಲ್ಲಿ ಒಳಗೊಳಗೇ ಹಾಗೆಂದು ಆಸೆಪಟ್ಟಿದ್ದರು.

ಆ ಮಧ್ಯಾಹ್ನ ಕೆಸರಿನ ಜೊತೆ ಮೇಲೆ ಬಂದ ಚೂರುಗಳನ್ನು ಕಲ್ಲಮ್ಮ ಜರಡಿಯಲ್ಲಿ ತೊಳೆದು, ಎಣ್ಣೆಯಂಶ ತೋರಿಸುವ ನೇರಳೆ ದೀಪದ ಪೆಟ್ಟಿಗೆಯೊಳಗಿಟ್ಟು ನೋಡಿದಳು. ಮರಳುಗಲ್ಲಿನ ಕಾಳುಗಳು ಮಸುಕು ಹಳದಿಯಾಗಿ ಹೊಳೆದವು. ಎಣ್ಣೆ! ಸಂತೋಷವಾಗಬೇಕಿತ್ತು. ಆದರೆ ಅವಳು ದೀಪ ಆರಿಸಿ, ಮತ್ತೆ ಹಚ್ಚಿ ನೋಡಿದಳು. ಹೊಳಪು ಅಷ್ಟಕ್ಕಷ್ಟೇ. 'ಲೆಕ್ಕಕ್ಕಿಲ್ಲ' ಎಂದುಬಿಟ್ಟರೆ ಯಾರೂ ಮರುಮಾತಾಡುತ್ತಿರಲಿಲ್ಲ.

ರಿಗ್ ನಡೆಸುವ ಹಿರಿಯ ಎಲ್ಲರಿಗೂ 'ಮಾವ'. ಅವನು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ.

"ಯಾಕಮ್ಮ, ಮುಖ ಹೀಗಿದೆ?"

"ಎಣ್ಣೆ ಇದೆ ಮಾವ."

ಮಾವ ಪೆಟ್ಟಿಗೆಯೊಳಗೆ ಬಹಳ ಹೊತ್ತು ಇಣುಕಿದ. "ನನ್ನ ನೋಯೋ ಸೊಂಟನ ಕೇಳಿದ್ರೆ ಇಲ್ಲ ಅನ್ನುತ್ತೆ."

"ನಮ್ಮನೆಯವರನ್ನ ಕೇಳಿದ್ರೂ ಹಾಗೇ ಅಂತಾರೆ."

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

"ಹೇಳದೇ ಇರೋಕಾಗಲ್ವಾ?" ಮಾವ ಕೇಳಿದ.

"ಆಗಲ್ಲ."

"ಗೊತ್ತು. ಸುಮ್ನೆ ಕೇಳ್ದೆ."

ಅವಳು ಕಂಪನಿಯ ಯಜಮಾನರಿಗೆ ಫೋನ್ ಮಾಡಿದಳು. ಬಾವಿಯ ಪರೀಕ್ಷೆಯಾಯಿತು. ಎಣ್ಣೆ ಬಂತು, ಚಿಮ್ಮಲಿಲ್ಲ, ಕೆಟ್ಟ ನಲ್ಲಿಯ ಹಾಗೆ ಸಣ್ಣಗೆ, ಆದರೆ ಬಿಡದೆ. ಯಜಮಾನರು ಹೊಸ ಬೂಟಿಗೆ ಕೆಸರಾಗದಂತೆ ಹಲಗೆಯ ಮೇಲೆ ನಡೆದು ಬಂದರು.

"ಪೂರ್ವದ ಕಡೆ ಇನ್ನೂ ಜಾಸ್ತಿ ಇರಬಹುದಾ?"

"ಇರಬಹುದು ಸಾರ್. ಇಲ್ಲದೇನೂ ಇರಬಹುದು. ಇನ್ನೊಂದು ಬಾವಿ ಕೊರೀದೆ ಎಷ್ಟಿದೆ ಅಂತ ಹೇಳೋಕಾಗಲ್ಲ."

"ಹಾಗಾದ್ರೆ ಕೊರೆಯೋಣ. ನೀವಿರ್ತೀರಲ್ಲ?"

ಈ ಕಲ್ಲಿನ ಗುಣ ಬಲ್ಲವಳು ಅವಳೊಬ್ಬಳೇ. "ಇರ್ತೀನಿ" ಎಂದು ಬಾಯಿ ಹೇಳಿಬಿಟ್ಟಿತು. ಆಮೇಲೆ ಅರ್ಧ ಖಾಲಿಯಾದ ಬೀರು ನೆನಪಾಯಿತು.

ಸಂಜೆ ಗಂಡನಿಗೆ ಫೋನ್ ಮಾಡಿದಳು. "ಸಿಕ್ತು ಕಣ್ರೀ."

"ಎಷ್ಟು?"

"ಬಿಟ್ಟು ಬರೋಕಾಗದಷ್ಟು."

ಆ ಕಡೆ ಕಟ್ಟುಹಲ್ಲು ನುಣುಪು ಮಾಡುವ ಯಂತ್ರ ನಿಂತ ಸದ್ದು. "ಇನ್ನೊಂದೇ ಬಾವಿ ಅಂತ ನೀನು ಹೇಳೋದು, ಹೂಂ ಅಂತ ನಾನು ಕೇಳೋದು. ನಂಗೂ ಸಾಕಾಗಿದೆ ಕಣೇ."

ಅವಳು ಫೋನ್ ಇಡದೆ ಉಗುರಿನ ಕೆಸರು ಕೆರೆಯುತ್ತ ಕೂತಳು. ಅವನೂ ಇಡಲಿಲ್ಲ.

"ಎಣ್ಣೆ ಇಲ್ಲ ಅಂತ ಸುಳ್ಳು ಹೇಳಿ ಬಂದಿದ್ರೂ ನಿಂಗೆ ನಿದ್ದೆ ಹತ್ತುತ್ತಿರಲಿಲ್ಲ" ಎಂದ ಕೊನೆಗೆ. "ನಾನೇ ಅಲ್ಲಿಗೆ ಬರ್ತೀನಿ. ಹಲ್ಲಿಲ್ಲದವರು ಯಾವ ಊರಲ್ಲಿಲ್ಲ?"

ಹೇಳಿದಂತೆಯೇ ಬಂದ. ಹತ್ತಿರದ ಪೇಟೆಯಲ್ಲಿ, ಸೈಕಲ್ ಅಂಗಡಿಯ ಮೇಲಿನ ಕೋಣೆ ಹಿಡಿದ. ರಜೆ ಸಿಕ್ಕಾಗ ಕಲ್ಲಮ್ಮ ಅಲ್ಲಿಗೆ ಹೋಗುತ್ತಾಳೆ. ಹೊಸ ಬಾವಿ ಇನ್ನೂ ಅರ್ಧ ದಾರಿಯಲ್ಲಿದೆ.

"ಏನಾದ್ರೂ ಕಾಣಿಸ್ತಾ?" ಎಂದು ಅವನು ಕೇಳುತ್ತಾನೆ.

"ಬರೀ ಜೇಡಿಮಣ್ಣು" ಎನ್ನುತ್ತ ಅವಳು ಮಂಚಕ್ಕೊರಗುತ್ತಾಳೆ. ಅವನು ತಟ್ಟೆ ಹಾಕಿ ತಿರುಗುವಷ್ಟರಲ್ಲಿ ಸಣ್ಣಗೆ ಗೊರಕೆ ಕೇಳುತ್ತದೆ. ಅವನು ಊಟ ಮುಚ್ಚಿಟ್ಟು, ಎಬ್ಬಿಸದೆ ಪಕ್ಕದಲ್ಲಿ ಕೂರುತ್ತಾನೆ.