ಬೀದಿಕೋಣೆಯ ಎಣ್ಣೆಕಲೆ

ಅರಗು ಕರಗಿಸಿದ ಸ್ಪಿರಿಟನ್ನು ಎರಡು ಕೈ ಹಚ್ಚಿದರೆ ಈ ಕಲೆ ಮತ್ತೆ ಮೇಲೆ ಬರುವುದಿಲ್ಲ. ಹಚ್ಚಬೇಕೇ? ಬರೀ ಬಣ್ಣ ಬಳಿದು ಹೋದರೆ ಕೆಲವು ತಿಂಗಳಲ್ಲಿ ಮತ್ತೆ ಮೂಡುತ್ತದೆ. ಹಿಂದಿನ ಪೇಂಟರುಗಳಿಗೆ ಬಿದ್ದ ಬೈಗುಳ ತನಗೂ ಬೀಳುತ್ತದೆ, ಅಷ್ಟೇ. ಬೈಸಿಕೊಂಡರೇನು? ಪೇಂಟರ್ ಗೋಡೆಯನ್ನೇ ನೋಡುತ್ತ ನಿಂತ.

“ಹೀಗೆ ನೋಡ್ತಾ ನಿಂತ್ರೆ ಅದೇ ನಾಚಿಕೊಂಡು ಎದ್ದು ಹೋಗತ್ತಾ?” ಮನೆಯೊಡತಿ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು.

“ಇದು ತೇವ ಅಲ್ಲ ಅಮ್ಮ. ಒರಗಿ ಕೂತವರ ತಲೆಗೆ ಹಚ್ಚಿದ ಎಣ್ಣೆ. ಗೋಡೆ ಕುಡಿದುಬಿಟ್ಟಿದೆ.”

“ಗೊತ್ತಪ್ಪ. ಈ ಕೋಣೆಗೆ ಬಾಡಿಗೆಗೆ ಬಂದವರೆಲ್ಲ ಇದರ ಜೊತೆ ಗುದ್ದಾಡಿದೋರೇ. ನರ್ಸಮ್ಮ ಕ್ಯಾಲೆಂಡರ್ ತೂಗುಹಾಕಿದ್ಲು. ಟ್ಯೂಷನ್ ಮೇಷ್ಟ್ರು ಕಪ್ಪುಹಲಗೆ ಹೊಡೆದ್ರು. ಆಮೇಲೆ ಹೊಸದಾಗಿ ಮದುವೆಯಾದೋರು ಕನ್ನಡಿ ಹಾಕಿದ್ರು. ಬಾಡಿಗೆ ಕೊಡದೆ ಉಳಕೊಂಡವನು ಇವನೊಬ್ಬನೇ ಅಂತ ನಮ್ಮೆಜಮಾನ್ರು ನಗೋರು.”

ಒಳಗಿನಿಂದ ಸಣ್ಣ ದನಿ ಬಂತು: “ಅಕ್ಕಾ, ಅವನು ಹೋದ್ನಾ?”

“ಹೋಗ್ತಾನೆ ಇರೇ.” ಒಡತಿ ದನಿ ತಗ್ಗಿಸಿದರು. “ನನ್ನ ತಂಗಿ. ಆಪರೇಷನ್ ಆಗಿದೆ, ಮಲಗೋ ಕೋಣೆಗಳೆಲ್ಲ ಮಹಡಿ ಮೇಲೆ, ಮೆಟ್ಟಿಲು ಹತ್ತೋ ಹಾಗಿಲ್ಲ. ಈ ಕೋಣೆಯೇ ಗತಿ. ಈ ಕಲೆ ಕಂಡ್ರೆ ಯಾರೋ ಕೂತ್ಕೊಂಡು ತನ್ನನ್ನೇ ನೋಡ್ತಿದಾರೆ ಅಂತ ಕಣ್ಣೇ ಮುಚ್ಚಲ್ಲ.”

“ಯಾರ ತಲೆ ಅಮ್ಮ ಇದು?”

ಅವನಿಗೆ ಗೊತ್ತಿತ್ತು. ತನಗೆ ಎಂಟು ತುಂಬುವವರೆಗೆ ಅವನು ಇದೇ ಕೋಣೆಯಲ್ಲಿದ್ದ. ಸಂಜೆ ಕೆಲಸ ಮುಗಿಸಿ ಬಂದ ಅವ್ವ ಅಪ್ಪ ಹೊಲಿಯದೆ ಬಿಟ್ಟ ಬಟ್ಟೆಯ ರಾಶಿ ನೋಡಿ, “ಮೊಳೆ ಹೊಡೆದ ಹಾಗೆ ಗೋಡೆಗಂಟಿ ಕೂತಿರ್ತಾನೆ, ಸೋಮಾರಿ” ಎನ್ನುತ್ತಿದ್ದಳು. ಅಪ್ಪ ಸತ್ತು, ಈ ಮನೆ ಬಿಟ್ಟ ಮೇಲೂ ಅವಳು ಆ ಮಾತು ಬಿಡಲಿಲ್ಲ. ಅಪ್ಪನೆಂದರೆ ಅವನಿಗೂ ಉಳಿದದ್ದು ಅದೊಂದೇ ಮಾತು. ಕೋಣೆಯಲ್ಲಿ ಉಳಿದದ್ದು ಈ ಕಲೆ.

“ಒಬ್ಬ ಟೈಲರು,” ಎಂದರು ಒಡತಿ. “ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಇಲ್ಲಿದ್ದ. ಅವನ ಮಗನಿಗೆ ಮಧ್ಯಾಹ್ನವಾದ್ರೆ ಉಬ್ಬಸ. ಮಲಗಿಸಿದ್ರೆ ಉಸಿರು ಕಟ್ಟೋದು. ಎದೆಗೆ ಒರಗಿಸಿಕೊಂಡು ಕೂತ್ರೆ ಮಾತ್ರ ನಿದ್ದೆ ಹೋಗ್ತಿತ್ತು ಕೂಸು. ಗಿರಾಕಿಗಳು ಬಂದು ರೇಗಿದ್ರೆ ತುಟಿ ಮೇಲೆ ಬೆರಳಿಡ್ತಿದ್ದ, ಅಷ್ಟೇ. ಮಿಸುಕ್ತಿರಲಿಲ್ಲ ಪುಣ್ಯಾತ್ಮ.”

“ಹೆಂಡತಿ?”

“ಬೈಯೋಳು. ಇರೋ ಸಂಗತಿ ನಾನೇ ಅವಳಿಗೆ ಹೇಳ್ತೀನಿ ಅಂದ್ರೆ, ‘ಬೇಡ ಅಕ್ಕಾರೇ, ಗೊತ್ತಾದ್ರೆ ಇರೋ ಕೆಲಸ ಬಿಟ್ಟು ಮಗೂನ ಕಾಯ್ತಾ ಕೂತ್ಬಿಡ್ತಾಳೆ’ ಅಂದ.”

ಉಬ್ಬಸ ಅವನಿಗೆ ನೆನಪಿತ್ತು. ಒರಗಿದ್ದು ನೆನಪಿರಲಿಲ್ಲ.

ಒಳಗೆ ತಂಗಿ ನರಳಿದರು. ಅವನು ಒಣಬಟ್ಟೆಯಿಂದ ಆ ಜಾಗವನ್ನು ಒರೆಸಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಅರಗು ಹಚ್ಚಿದ. ಒಣಗಿದ ಮೇಲೆ ಮತ್ತೊಂದು ಕೈ ಹಚ್ಚಿದ. ಅದರ ಮೇಲೆ ಬಣ್ಣ ಬಳಿದ.

ಎರಡು ದಿನ ಕಿಟಕಿ ತೆರೆದಿಟ್ಟು, ವಾಸನೆ ಹೋದ ಮೇಲೆ ಒಡತಿ ತಂಗಿಯನ್ನು ಕೈಹಿಡಿದು ಕರೆತಂದರು. ಅವನು ಏಣಿ ಒಯ್ಯಲು ಬಂದಿದ್ದ. ತಂಗಿ ಮಲಗಿ ಗೋಡೆಯನ್ನು ದಿಟ್ಟಿಸಿದರು. “ಹೋದ, ಪಾಪ,” ಎಂದು ನಿದ್ದೆಗೆ ಕಣ್ಣು ಮುಚ್ಚಿದರು.

“ಮತ್ತೆ ಬರಲ್ಲ ತಾನೇ?” ಒಡತಿ ಮೆಲ್ಲಗೆ ಕೇಳಿದರು.

“ಬರಲ್ಲ ಅಮ್ಮ.”

“ಆ ಹುಡುಗ ಉಳಿದ್ನೋ ಇಲ್ವೋ ಅಂತ ಒಂದೊಂದು ಸಲ ಅನ್ಸತ್ತೆ.”

ಅವನು ಏಣಿಯನ್ನು ಹೆಗಲಿಗೆ ಹಾಕಿಕೊಂಡ. ನಿದ್ದೆಹೋಗುತ್ತಿದ್ದ ತಂಗಿಯ ಕಡೆ ನೋಡಿ ತುಟಿ ಮೇಲೆ ಬೆರಳಿಟ್ಟು, ಹೊರಗೆ ನಡೆದ.