ಎಲೀಷ ಮೇಷ್ಟ್ರ ಕೊನೆಯ ಹಾಳೆ

ಮೈಕಿನ ಮುಂದೆ ನಿಂತ ಪಾದ್ರಿಗಳು ಹಾಳೆಯನ್ನು ಒಮ್ಮೆ ತಲೆಕೆಳಗು ಮಾಡಿಯೂ ನೋಡಿದರು. ಏನೂ ಪ್ರಯೋಜನವಾಗಲಿಲ್ಲ.

"ಇದು ಕನ್ನಡನೇನ್ರೀ?"

"ಕನ್ನಡನೇ ಅಯ್ಯಾ. ಮೇಷ್ಟ್ರ ಕೈಬರಹ ಹಂಗೇ," ಎಂದರು ಸಭೆಯ ಹಿರಿಯ ಬೆಂಜಮಿನ್.

ಹಾನುಬಾಳಿನ ಆ ಪುಟ್ಟ ಚರ್ಚಿನಲ್ಲಿ, ಸತ್ತವರು ಕೊನೆಗೆ ಬರೆದದ್ದನ್ನೋ ಹೇಳಿದ್ದನ್ನೋ ಓದದೆ ಪೆಟ್ಟಿಗೆ ಮುಚ್ಚುವುದಿಲ್ಲ. ಎಲೀಷ ಮೇಷ್ಟ್ರು ಇಪ್ಪತ್ತೆರಡು ವರ್ಷ ಕೂತು ಬೈಬಲಿನಲ್ಲಿ ಪೌಲನ ಹೆಸರಿನಲ್ಲಿರುವ ಪತ್ರಗಳಿಗೆ ವ್ಯಾಖ್ಯಾನ ಬರೆದವರು. ಪೌಲನಿಂದ ಪತ್ರ ಪಡೆದ ಶಿಷ್ಯ ತಿಮೊಥೆಯ ಸಭೆ ನಡೆಸುತ್ತಿದ್ದ ಎಫೆಸ ಪಟ್ಟಣದ ಪೇಟೆ, ದೇವಿಯ ಗುಡಿ, ಮನೆಮನೆಯ ಜಗಳ ಎಲ್ಲ ಅವರಿಗೆ ಸಕಲೇಶಪುರಕ್ಕಿಂತ ಚೆನ್ನಾಗಿ ಗೊತ್ತಿತ್ತು. ಕೊನೆಯ ಹಾಳೆಯನ್ನು ಆಸ್ಪತ್ರೆಯ ಮಂಚದ ಮೇಲೆ ಬರೆದು ಮಡಚಿಟ್ಟಿದ್ದರು. ಅವರ ಅಕ್ಷರ ಓದಬಲ್ಲವರು ಒಬ್ಬರೇ: ಆ ವ್ಯಾಖ್ಯಾನವನ್ನೆಲ್ಲ ಶುದ್ಧಪ್ರತಿ ಮಾಡಿಕೊಟ್ಟ ಹೆಂಡತಿ ಶಾಂತಕುಮಾರಿ.

"ಅಮ್ಮನೇ ಓದ್ಲಿ ಬುಡ್ರೀ," ಎಂದ ಬಾಗಿಲಾಚೆ ನಿಂತಿದ್ದ ನಜೀರ್. ಮೇಷ್ಟ್ರ ಪುಸ್ತಕದ ಪಾರ್ಸೆಲ್ಲುಗಳನ್ನು ಜೀಪಿನಲ್ಲಿ ತಂದುಕೊಡುತ್ತಿದ್ದವನು ಅವನೇ.

"ಹೆಂಗಸ್ರು ಸಭೇಲಿ ಬಾಯಿ ಬಿಡಂಗಿಲ್ಲ ಮಾರಾಯ. ಮೇಷ್ಟ್ರೇ ಮಾಡಿದ್ ಕಟ್ಟಳೆ," ಎಂದರು ಬೆಂಜಮಿನ್.

*

ಮದುವೆಯಾದ ಹೊಸದರಲ್ಲಿ ಶಾಂತಕುಮಾರಿ ಇದೇ ಜಾಗದಲ್ಲಿ ಬೈಬಲ್ ಪಾಠ ಓದಲು ನಿಂತಿದ್ದಳು. ಮೇಷ್ಟ್ರು ಎದ್ದು ಬಂದು ಮೊಣಕೈ ಹಿಡಿದು, "ಕೂತ್ಕೊ. ಹೆಂಗಸ್ರು ಸುಮ್ನಿರ್ಬೇಕು ಅಂತ ತಿಮೊಥೆಯನಿಗೆ ಬರೆದ ಪತ್ರದಲ್ಲೇ ಐತೆ," ಅಂದರು. ಕೂತಳು. ನಲವತ್ತು ವರ್ಷ ಕೂತೇ ಇದ್ದಳು. ಸಿಟ್ಟು ಬರುತ್ತಿರಲಿಲ್ಲವೆಂದಲ್ಲ, ಅದನ್ನೆಲ್ಲ ಅವರ ಬರಹವನ್ನು ದುಂಡಗೆ ನಕಲು ಮಾಡುವುದರಲ್ಲಿ ಕಳೆದಳು.

*

ಕೊನೆಗೆ ಬೆಂಜಮಿನ್ನರೇ ದಾರಿ ಹುಡುಕಿದರು. ಆಕೆ ಪಾದ್ರಿಗಳ ಕಿವಿಯಲ್ಲಿ ಹೇಳುವುದು, ಅವರು ಅದನ್ನು ಗಟ್ಟಿಯಾಗಿ ಹೇಳುವುದು.

ಎರಡು ವಾಕ್ಯ ಹಾಗೆಯೇ ಸಾಗಿತು. ಮೂರನೆಯದಕ್ಕೆ ಆಕೆಯ ಬೆರಳು ತಡೆದು ನಿಂತಿತು. ತಡವಾಗಿ ಪಿಸುಗುಟ್ಟಿದಳು. ಪಾದ್ರಿಗಳು ಬೆಂಜಮಿನ್ನರ ಮುಖ ನೋಡಿ "ಆಮೆನ್" ಅಂದುಬಿಟ್ಟರು.

"ಅಲ್ಲಿರೋದು ಅದಲ್ಲ ಅಯ್ಯಾ," ಎಂದಳು ಆಕೆ.

ಮತ್ತೊಮ್ಮೆ ಕಿವಿಯಲ್ಲಿ ಹೇಳಿದಳು. ಪಾದ್ರಿಗಳು ಕನ್ನಡಕ ಒರೆಸತೊಡಗಿದರು. ಶಾಂತಕುಮಾರಿ ಹಾಳೆಯನ್ನು ತನ್ನ ಕೈಗೆ ತೆಗೆದುಕೊಂಡಳು.

"'ಎಫೆಸದ ಜಗಳಕ್ಕೆ ಬರೆದ ಮಾತನ್ನು ಹಾನುಬಾಳಿಗೆ ತಂದು ನನ್ನ ಹೆಂಡತಿಯನ್ನು ಕೂರಿಸಿದೆ. ತಪ್ಪು ಪತ್ರದ್ದಲ್ಲ, ನನ್ನದು. ಬದುಕಿದ್ದಾಗ ಹೇಳಲು ಧೈರ್ಯ ಬರಲಿಲ್ಲ. ಇದನ್ನು ಅವಳೇ ಓದಲಿ.'"

ಮೈಕು ಇನ್ನೂ ಪಾದ್ರಿಗಳ ಎತ್ತರಕ್ಕೇ ಇತ್ತು. ಹಿಂದಿನ ಸಾಲಿನಿಂದ ಯಾರೋ, "ಕೇಳುಸ್ತಿಲ್ಲ ಕಣಮ್ಮ," ಅಂದರು.

ಬೆಂಜಮಿನ್ ಎದ್ದು ಮುಂದೆ ಬಂದರು. ಅವರ ಕೈ ಆಕೆಯ ಮೊಣಕೈವರೆಗೆ ಬಂದಿತು. ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಅವರು ಮೈಕಿನ ತಿರುಪು ಸಡಿಲಿಸಿ, ಅದನ್ನು ಆಕೆಯ ಬಾಯಿಯ ಎತ್ತರಕ್ಕೆ ಇಳಿಸಿದರು.